ನಿಮಗಿದು ಗೊತ್ತೆ? ಗೇಮ್‌ನ ಕತ್ತಿಗೇಕೆ ಇಷ್ಟು ಸೆಳೆತ!

ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಂದು ಪಾಲಿಬೆಟ್ಟ ಸೇರಿದಂತೆ ಕೊಡಗಿನ ಕೊಡವ ಮನೆಗಳಲ್ಲಿ ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಯುಧದ ಮೇಲಿನ ಅಕ್ಕರೆ ವಿಡಿಯೊ ಗೇಮ್ ಲೋಕದಲ್ಲೂ ಉಂಟು.

* ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ಶತ್ರುವನ್ನು ಸೋಲಿಸಿದಾಗ ಸಿಗುವ ಕತ್ತಿ, ಕವಚ, ರತ್ನಗಳೇ ‘ಲೂಟ್’.

* 2000ದಲ್ಲಿ ಬಂದ ‘ಡಯಾಬ್ಲೊ 2’ ಗೇಮ್‌ನಲ್ಲಿ ನೀಲಿ ಅಕ್ಷರದ ವಸ್ತು ಮಾಂತ್ರಿಕ, ಹಳದಿಯದು ಅಪರೂಪ, ಹೊಂಬಣ್ಣದ್ದು ವಿಶಿಷ್ಟ. ಒಂದೇ ಬಗೆಯ, ಒಂದೇ ದರ್ಜೆಯ ಮೂರು ರತ್ನಗಳನ್ನು ‘ಹೊರಾಡ್ರಿಕ್ ಕ್ಯೂಬ್’ ಎಂಬ ಪೆಟ್ಟಿಗೆಗೆ ಹಾಕಿದರೆ ಮೇಲಿನ ದರ್ಜೆಯ ಒಂದು ರತ್ನ ಸಿಗುತ್ತದೆ.

* ಮುಂದಿನ ಶತ್ರು ಏನು ಬೀಳಿಸುತ್ತಾನೋ ಗೊತ್ತಿಲ್ಲದಿರುವುದೇ ಆಕರ್ಷಣೆಯ ಗುಟ್ಟು. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನವೇ ಒಂದು ಅಭ್ಯಾಸವನ್ನು ಬಲವಾಗಿ ಹಿಡಿದಿಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಿಂದ ತೋರಿಸಿದ್ದರು.

* ಆಯುಧ ಮೇಲ್ದರ್ಜೆಗೇರಿದಾಗ ಪಟ್ಟ ಶ್ರಮ ಕಣ್ಣೆದುರೇ ಅಂಕಿಯಾಗಿ ಏರುತ್ತದೆ. ಆ ತೃಪ್ತಿ ನಿಜವಾದದ್ದು.

* ಆದರೆ ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ‘ಲೂಟ್ ಬಾಕ್ಸ್’ ಬೇರೆ ಮಾತು. ಬೆಲ್ಜಿಯಂ 2018ರಲ್ಲೇ ಅದನ್ನು ಜೂಜೆಂದು ಪರಿಗಣಿಸಿತು. ಮಕ್ಕಳ ಕೈಗೆ ಮೊಬೈಲ್ ಕೊಡುವ ಮುನ್ನ ಗೇಮ್‌ನೊಳಗಿನ ಖರೀದಿಗೆ ಪಾಸ್‌ವರ್ಡ್ ಹಾಕಿಡಿ.