ನಿಮಗಿದು ಗೊತ್ತೇ? ಡೇರೆ ನರ್ಸರಿಯವರು ಮಾರುವುದು ಹೂವನ್ನಲ್ಲ!

ಡೇಲಿಯಾ ಅಂದರೆ ಯಾವುದೋ ದೊರೆಗಳ ತೋಟದ ಹೂವು ಅನಿಸುತ್ತದಲ್ಲವೇ? ಶಿರಸಿ, ಸಾಗರದ ಕಡೆ ಹೋಗಿ ನೋಡಿ. ಅಲ್ಲಿ ಅದು ಮನೆಮಗಳು. ಹೆಸರೂ ನಮ್ಮದೇ, ‘ಡೇರೆ’! ಮಳೆ ಧೋ ಎಂದು ಹೊಯ್ಯುವಾಗ ಅಂಗಳದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ತಟ್ಟೆಯಗಲ ಅರಳಿ ಕೂತಿರುತ್ತದೆ. ಇದರದ್ದೇ ಒಂದು ಪುಟ್ಟ ನರ್ಸರಿ ಮಾಡುವ ಆಸೆಯಿದ್ದರೆ ಇಷ್ಟು ಕೇಳಿಬಿಡಿ.

ಡೇರೆ ನರ್ಸರಿಯವರು ಮಾರುವುದು ಹೂವನ್ನಲ್ಲ, ಕಣ್ಣನ್ನು! ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆ ಗೆಡ್ಡೆಗೆ ಹಾಗಿಲ್ಲ. ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಇರುತ್ತದೆ, ಅಷ್ಟೇ. ಅದಿದ್ದರೆ ಗಿಡ. ಅದಿಲ್ಲದಿದ್ದರೆ ಗೆಡ್ಡೆ ಗೆಣಸಿನಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಕುತ್ತಿಗೆ ಮುರಿದರೂ ಅದೇ ಗತಿ. ಕಣ್ಣು ಕಾಣುತ್ತಿಲ್ಲವೇ? ಸ್ವಲ್ಪವೇ ತೇವವಿರುವ ತೆಂಗಿನನಾರಿನ ಪುಡಿಯಲ್ಲಿ ಕೆಲವು ದಿನ ಇಟ್ಟು ನೋಡಿ. ಇದ್ದರೆ ತಾನೇ ಉಬ್ಬಿ ಎದ್ದು ಕಾಣುತ್ತದೆ!

ಒಂದೇ ಗೆಡ್ಡೆಯಿಂದ ಎಷ್ಟು ಗಿಡ? ಒಂದು ಅಂದಿರಾದರೆ ಸೋತಿರಿ! ಚಿಗುರು ಮೂರು-ನಾಲ್ಕು ಇಂಚು ಬಂದಾಗ ಬುಡದಲ್ಲಿ ಕತ್ತರಿಸಿ ಊರಿದರೆ ಎರಡು-ಮೂರು ವಾರದಲ್ಲಿ ಬೇರು. ಕತ್ತರಿಸಿದ ಜಾಗದ ಪಕ್ಕದಿಂದ ಮತ್ತೆ ಚಿಗುರು, ಮತ್ತೆ ಕತ್ತರಿ. ಹೀಗೆ ಊರಿದ ಕುಡಿಯೂ ಅದೇ ವರ್ಷ ಹೂ ಬಿಟ್ಟು, ಬುಡದಲ್ಲಿ ತನ್ನದೇ ಗೆಡ್ಡೆ ಕಟ್ಟಿಕೊಳ್ಳುತ್ತದೆ. ಬಡ್ಡಿಯ ಮೇಲೆ ಬಡ್ಡಿ!

ಒಂದು ಗೆಡ್ಡೆ ಇಡೀ ವಂಶವನ್ನೇ ಕಟ್ಟಿದ ಕಥೆ ಕೇಳಿದ್ದೀರಾ? 1872ರಲ್ಲಿ ಮೆಕ್ಸಿಕೋದಿಂದ ನೆದರ್ಲೆಂಡ್ಸ್‌ಗೆ ಒಂದು ಪೆಟ್ಟಿಗೆ ಹೊರಟಿತು. ದಾರಿಯಲ್ಲಿ ಒಳಗಿದ್ದದ್ದೆಲ್ಲ ಕೊಳೆತುಹೋಯಿತು. ಉಳಿದದ್ದು ಒಂದೇ ಒಂದು ಡೇಲಿಯಾ ಗೆಡ್ಡೆ! ತೋಟಗಾರ ಅದನ್ನೇ ಜೋಪಾನ ಮಾಡಿದ. ಅರಳಿದ್ದು ಕಡುಗೆಂಪು ಹೂವು, ಎಸಳುಗಳೆಲ್ಲ ಹಿಂದಕ್ಕೆ ಸುರುಳಿ ಸುತ್ತಿ ಚೂಪಾಗಿದ್ದವು. ಯುರೋಪು ಅಂಥದ್ದನ್ನು ಕಂಡೇ ಇರಲಿಲ್ಲ. ಮೆಕ್ಸಿಕೋದ ಅಧ್ಯಕ್ಷ ಹುವಾರೆಸ್ ಅವರ ಹೆಸರನ್ನೇ ಅದಕ್ಕಿಟ್ಟರು. ಇವತ್ತು ನಾವು ಕಾಣುವ ಮುಳ್ಳುಮುಳ್ಳು ‘ಕ್ಯಾಕ್ಟಸ್’ ಡೇಲಿಯಾಗಳಿಗೆಲ್ಲ ಅದೇ ಮೂಲಪುರುಷ!

ಬೀಜ ಬಿತ್ತಿದರೆ? ತಾಯಿ ಕೆಂಪು, ಮಗಳು ಹಳದಿ, ಮೊಮ್ಮಗಳು ಇನ್ನೇನೋ! ಮನುಷ್ಯರಲ್ಲಿ ವರ್ಣತಂತುಗಳ ಎರಡು ಸೆಟ್ಟು; ತೋಟದ ಡೇಲಿಯಾದಲ್ಲಿ ಎಂಟು! ಇಸ್ಪೀಟು ಕಟ್ಟು ದೊಡ್ಡದಾದಷ್ಟೂ ಕಲಸಾಟ ಜಾಸ್ತಿ. ಅದಕ್ಕೇ ಐವತ್ತು ಸಾವಿರಕ್ಕೂ ಹೆಚ್ಚು ತಳಿಗಳು ಹುಟ್ಟಿವೆ. ಎರಡು ಇಂಚು ಮೀರದ ಚೆಂಡಿನಂಥ ಹೂವೂ ಡೇಲಿಯಾವೇ, ಹತ್ತು ಇಂಚು ದಾಟುವ ಊಟದ ತಟ್ಟೆಯೂ ಡೇಲಿಯಾವೇ.

ಆದರೆ ಗೆಡ್ಡೆ ಕಿತ್ತು ಸಾಲಾಗಿಟ್ಟರೆ ಬಹುಪಾಲು ಒಂದೇ ಥರ! ಚೀಟಿ ಕಳೆದರೆ ತಳಿಯ ಹೆಸರೂ ಕಳೆಯಿತು. ನಮ್ಮ ಮನೆಯಲ್ಲೊಮ್ಮೆ ಇಲಿ ಬಂದು ಗೆಡ್ಡೆ ಬಿಟ್ಟು ಚೀಟಿಗಳನ್ನೇ ತಿಂದುಹೋಗಿತ್ತು. ಆ ವರ್ಷ ಹೂ ಬಿಡುವವರೆಗೂ ಎಲ್ಲ ಅನಾಮಿಕರೇ. ಜಾಣ ಬೆಳೆಗಾರರು ಮಾರ್ಕರ್ ಪೆನ್ನಿನಲ್ಲಿ ಗೆಡ್ಡೆಯ ಮೈಮೇಲೇ ಹೆಸರು ಬರೆಯುತ್ತಾರೆ!

ಕತ್ತಲು ಹೆಚ್ಚಾದರೆ ಡೇಲಿಯಾ ಗಾಬರಿಯಾಗುತ್ತದೆ ಗೊತ್ತಾ? ಹಗಲು ಹನ್ನೆರಡು ಗಂಟೆಗಿಂತ ಚಿಕ್ಕದಾದರೆ ‘ಬರಗಾಲ ಬಂತು’ ಎಂಬಂತೆ ಎಲೆಯ ಗೊಡವೆ ಬಿಟ್ಟು ಗೆಡ್ಡೆ ತುಂಬಲು ಶುರು. ಹಾಗಾಗಿ ಕುಡಿ ಬೇಕಾದ ನರ್ಸರಿಯವರು ದೀಪ ಹಚ್ಚಿ ಹಗಲನ್ನು ಉದ್ದ ಮಾಡುತ್ತಾರೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲಗಳಲ್ಲಿ ಬಲ್ಬು ಉರಿಯುವುದನ್ನು ನೋಡಿದ್ದೀರಲ್ಲ? ಅದೂ ಇಂಥದ್ದೇ ಆಟ. ಎರಡೂ ಒಂದೇ ಕುಟುಂಬದ ಹೂಗಳು ತಾನೇ!

ಒಂದು ಚಾಕು ಇಡೀ ನರ್ಸರಿಯನ್ನೇ ಕೆಡಿಸಬಲ್ಲದು! ಎಲೆಯಲ್ಲಿ ಹಳದಿ ನರ ಮೂಡಿಸುವ ಮೊಸಾಯಿಕ್ ವೈರಸ್ ಸಸ್ಯಹೇನುಗಳಿಂದ ಹರಡುತ್ತದೆ, ರೋಗದ ಗಿಡದಿಂದ ಕಿತ್ತ ಕುಡಿಯಲ್ಲೂ ಬರುತ್ತದೆ. ಔಷಧಿಯೇ ಇಲ್ಲ. ಗಿಡ ಕಿತ್ತೆಸೆಯಬೇಕು. ಗಿಡದಿಂದ ಗಿಡಕ್ಕೆ ಹೋಗುವಾಗ ಚಾಕು ಶುಚಿ ಮಾಡುವುದನ್ನು ಮರೆತಿರೋ, ಕೆಟ್ಟಿರಿ.

ಈ ಗೆಡ್ಡೆ ಯುರೋಪಿಗೆ ಹೋದ ಹೊಸದರಲ್ಲಿ ಜನ ಅದನ್ನು ಬೇಯಿಸಿ ತಿಂದೂ ನೋಡಿದ್ದರು! ಆಲೂಗಡ್ಡೆಯ ಮುಂದೆ ಅದು ನಿಲ್ಲಲಿಲ್ಲ. ಮೆಕ್ಸಿಕೋದ ಮರಡೇಲಿಯಾದ ಟೊಳ್ಳು ಕಾಂಡವೋ, ಹಳೆಯ ಕಾಲದ ನೀರಿನ ಕೊಳವೆ! 1963ರಿಂದ ಡೇಲಿಯಾ ಆ ದೇಶದ ರಾಷ್ಟ್ರಪುಷ್ಪ.

ಹಳ್ಳಿಯ ಪುಟ್ಟ ನರ್ಸರಿಗೆ ಇದರ ಒಂದು ದೌರ್ಬಲ್ಯವೇ ವರ! ಮೊಗ್ಗಾಗಿ ಕತ್ತರಿಸಿದರೆ ಡೇಲಿಯಾ ಅರಳುವುದಿಲ್ಲ. ಅರಳಿದ್ದು ಹೂದಾನಿಯಲ್ಲಿ ನಾಲ್ಕೈದು ದಿನ, ಅಷ್ಟೇ. ದೂರದ ಲಾರಿಪ್ರಯಾಣ ತಡೆಯುವುದಿಲ್ಲ. ಅಂದಮೇಲೆ ಹೂ ಬೇಕಾದ ಪಕ್ಕದ ಊರಿನವರು ಗೆಡ್ಡೆಗೆ, ಗಿಡಕ್ಕೆ ನಿಮ್ಮ ಹತ್ತಿರವೇ ಬರಬೇಕಲ್ಲ!

ಕೊನೆಯದಾಗಿ, ಯಾರಾದರೂ ಆಕಾಶನೀಲಿ ಡೇಲಿಯಾ ಗೆಡ್ಡೆ ಮಾರಲು ಬಂದರೆ ದುಡ್ಡು ಜೇಬಲ್ಲೇ ಇರಲಿ. ಇಷ್ಟು ಸಾವಿರ ತಳಿಗಳಲ್ಲಿ ನಿಜವಾದ ನೀಲಿ ಒಂದೂ ಇಲ್ಲ! ನೇರಳೆಯಿದೆ, ತಿಳಿನೇರಳೆಯಿದೆ. ನೀಲಿ ಇರುವುದು ಅವರು ತೋರಿಸುವ ಫೋಟೊದಲ್ಲಿ ಮಾತ್ರ!