ಎಲ್ಲರ ಸರದಿ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿಯಲ್ಲಿ ಸುಮಾರು 12 ಕಿಲೋಮೀಟರ್ ಸಾಗಿದರೆ ಗಾಜನೂರು ಸಿಗುತ್ತದೆ. ತುಂಗಾನದಿಗೆ ಇಲ್ಲಿ ಅಣೆಕಟ್ಟನ್ನು ಕಟ್ಟಲಾಗಿದೆ. (ವರನಟ ರಾಜಕುಮಾರ್ ಅವರ ಗಾಜನೂರು ಇದಲ್ಲ; ಅದು ತಮಿಳುನಾಡಿನ ತಾಳವಾಡಿಯ ಬಳಿ ಇದೆ. ಈ ತಪ್ಪನ್ನು ತರಗತಿಯಲ್ಲಿ ಎಷ್ಟು ಸಲ ತಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.) ಮಳೆಗಾಲದ ಶನಿವಾರದ ಸಂಜೆ ಈ ಸೀಮೆಯ ಊರುಗಳಲ್ಲಿ ನಡೆದು ಹೋಗುವವನಿಗೆ ಮಳೆಯ ಸದ್ದಿನ ನಡುವೆ ಹಾರ್ಮೋನಿಯಂ ಮತ್ತು ತಾಳಗಳ ನಾದ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ. ಗುಡಿಯ ಜಗಲಿಯಲ್ಲೋ ಯಾರದಾದರೂ ಮನೆಯ ನಡುಮನೆಯಲ್ಲೋ ಭಜನೆ ಕೂಡಿರುತ್ತದೆ.

ಇಂದು ನಗರಗಳಲ್ಲಿ ‘ಓಪನ್ ಮೈಕ್’ ಎಂಬ ಹಾಡುಕೂಟಗಳು ನಡೆಯುತ್ತವೆ. ಬಂದವರು ಹೆಸರು ಬರೆಸುತ್ತಾರೆ. ಸರದಿ ಬಂದಾಗ ಧ್ವನಿವರ್ಧಕದ ಮುಂದೆ ನಿಂತು ಹಾಡುತ್ತಾರೆ. ಪ್ರಸಿದ್ಧರೇ ಆಗಿರಬೇಕೆಂಬ ನಿಬಂಧನೆಯಿಲ್ಲ. 1961ರಲ್ಲಿ ನ್ಯೂಯಾರ್ಕ್ ನಗರಕ್ಕೆ ಬರಿಗೈಯಲ್ಲಿ ಬಂದ ಬಾಬ್ ಡಿಲನ್ ಎಂಬ ತರುಣ ಮೊದಮೊದಲು ಹಾಡಿದ್ದು ಇಂತಹ ಕೂಟಗಳಲ್ಲಿಯೇ. 2016ರಲ್ಲಿ ಆತನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆಯಿತು. ಹೆಸರು ಹೊಸದಾದರೂ ಸಂಗತಿ ನಮಗೆ ಹೊಸದಲ್ಲ. ನಮ್ಮ ಭಜನೆಯ ಜಮಖಾನವೂ ಹೀಗೆಯೇ ಎಲ್ಲರಿಗೂ ಹಾಸಿದ್ದು.

ಸಂಗೀತಕ್ಕೆ ಬೇರೆ ಬಾಗಿಲುಗಳೂ ಇವೆ. 1965ರಲ್ಲಿ ಆರಂಭವಾದ ಆಕಾಶವಾಣಿಯ ಭದ್ರಾವತಿ ಕೇಂದ್ರ ನಮ್ಮ ಜಿಲ್ಲೆಯ ಅನೇಕ ಕಂಠಗಳನ್ನು ನಾಡಿಗೆ ಕೇಳಿಸಿತು. ಆದರೆ ಆ ಬಾಗಿಲನ್ನು ದಾಟಲು ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅದು ನ್ಯಾಯವೇ. ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿಗಳು ಗಮಕಕ್ಕೆ ಹೆಸರಾದವು. ಅಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸಿದರೆ ಮತ್ತೊಬ್ಬರು ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಆದರೆ ಗಮಕಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಇಂದು ಕಲಿತು ಇಂದೇ ಹಾಡಬಯಸುವವನಿಗೆ ಉಳಿಯುವುದು ಭಜನೆಯ ಜಗಲಿ.

ಆ ಜಗಲಿ ಹೊಸಬರನ್ನು ಹೇಗೆ ಕಾಯುತ್ತದೆ ಎಂಬುದನ್ನು ಗಮನಿಸಬೇಕು. ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರೆಲ್ಲರೂ ಅದನ್ನೇ ಮರಳಿ ಹಾಡುತ್ತಾರೆ. ಹಾಡುವವನ ಉಸಿರು ಕಟ್ಟಿದರೆ ಈ ಮರುದನಿ ಅವನಿಗೆ ಬಿಡುವು ಕೊಡುತ್ತದೆ. ಸಾಲು ಮರೆತರೆ ನೆನಪಿಸುತ್ತದೆ. ತಾಳ ತಪ್ಪಿದರೆ ತಿದ್ದುತ್ತದೆ. ಗಣಪತಿಯ ಸ್ತುತಿಯಿಂದ ಮೊದಲಾಗಿ ದಾಸರ ಪದ, ವಚನ, ತತ್ತ್ವಪದಗಳನ್ನು ಹಾದು ಮಂಗಳದಲ್ಲಿ ಮುಗಿಯುವ ಕ್ರಮ ಎಲ್ಲರಿಗೂ ತಿಳಿದದ್ದು. ಹಾಗಾಗಿ ಯಾವಾಗ ಬಂದು ಕುಳಿತರೂ ಪರಕೀಯನೆನಿಸುವುದಿಲ್ಲ.

ಕೂಟವನ್ನು ನಡೆಸುವವರ ಕೆಲಸ ಹಾಡುವುದಕ್ಕಿಂತ ಕಠಿಣವಾದುದು. ಮೊದಲನೆಯದು ಶ್ರುತಿ. ಸಾಮಾನ್ಯವಾಗಿ ಗಂಡಸರ ಕಂಠಕ್ಕೆ ಹಾರ್ಮೋನಿಯಂನ ಬಿಳಿ ಒಂದು ಅಥವಾ ಕಪ್ಪು ಒಂದು ಒಗ್ಗುತ್ತದೆ. ಹೆಂಗಸರಿಗೂ ಮಕ್ಕಳಿಗೂ ಶ್ರುತಿ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಒಂದೇ ಶ್ರುತಿಯಲ್ಲಿ ಎಲ್ಲರನ್ನೂ ಹಾಡಿಸಿ, ಬಳಿಕ ಹುಡುಗಿಯ ದನಿ ಏಳುವುದಿಲ್ಲವೆಂದು ದೂರುವವರನ್ನು ನಾನು ಕಂಡಿದ್ದೇನೆ. ತಪ್ಪು ಹುಡುಗಿಯದಲ್ಲ, ಹಾರ್ಮೋನಿಯಂ ಹಿಡಿದವರದು. ಎರಡನೆಯದು ಧ್ವನಿವರ್ಧಕ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಹೆಚ್ಚಾಗಿ ಹೊರಬಂದು, ಪುನಃ ಒಳಹೊಕ್ಕು ಸುತ್ತತೊಡಗಿದಾಗಲೇ ಕಿವಿ ಕೊರೆಯುವ ಕೀರಲು ಹುಟ್ಟುತ್ತದೆ. ಸ್ಪೀಕರನ್ನು ಹಾಡುವವರಿಗಿಂತ ಮುಂದೆ, ಕೇಳುವವರತ್ತ ಮುಖ ಮಾಡಿಟ್ಟರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತು ಜನರ ಕೂಟಕ್ಕೆ ಮೈಕು ಬೇಡವೇ ಬೇಡ.

ಮೂರನೆಯದಾದ ಸರದಿಯ ವಿಷಯದಲ್ಲಿ ನಾನೇ ಎಡವಿದ್ದೇನೆ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯ. ಅಕ್ಷರ ದುಂಡಾಗಿದೆಯೆಂದು ಹಾಡುವವರ ಹೆಸರು ಬರೆಯುವ ಕೆಲಸವನ್ನು ಹಿರಿಯರು ನನಗೆ ಒಪ್ಪಿಸಿದ್ದರು. ಒಂದು ಶನಿವಾರ ಹೊಳೆಯಾಚೆಯ ಊರಿನಿಂದ ನಡುವಯಸ್ಸಿನ ಹೆಂಗಸೊಬ್ಬರು ಬಂದು ಕಂಬದ ಬಳಿ ಕುಳಿತರು. ‘ನಂಗೂ ಒಂದು ಸೋಬಾನೆ ಪದ ಬರ್ತದೆ ಮೇಷ್ಟ್ರೇ, ಹೇಳ್ಲಾ?’ ಎಂದು ಮೆಲ್ಲನೆ ಕೇಳಿದರು. ಪಟ್ಟಿಯ ಕೊನೆಯಲ್ಲಿ ಅವರ ಹೆಸರನ್ನು ಬರೆದುಕೊಂಡೆ. ಅಂದು ನುರಿತ ಹಾಡುಗಾರರೊಬ್ಬರು ಒಂದರ ಮೇಲೊಂದರಂತೆ ನಾಲ್ಕು ಹಾಡಿದರು. ಹಾಡು ಚೆನ್ನಾಗಿಯೇ ಇತ್ತು. ಸಾಕೆನ್ನಲು ನನಗೆ ನಾಲಿಗೆ ಬರಲಿಲ್ಲ. ಹೊತ್ತಾಯಿತೆಂದು ಯಾರೋ ಮಂಗಳ ಎತ್ತಿದರು. ಮಂಗಳವಾದ ಮೇಲೆ ಬೇರೆ ಹಾಡಿಲ್ಲವೆಂಬುದು ವಾಡಿಕೆ. ಆಕೆ ಏನೂ ಹೇಳದೆ ಪ್ರಸಾದ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು. ಮುಂದಿನ ಶನಿವಾರ ದಾರಿ ಕಾದೆ, ಅವರು ಬರಲಿಲ್ಲ. ಆ ಪದ ಯಾವುದೆಂದು ಕೇಳಿಕೊಳ್ಳುವ ಬುದ್ಧಿಯೂ ಅಂದು ನನಗಿರಲಿಲ್ಲ. ಸೋಬಾನೆಯ ಪದಗಳು ಪುಸ್ತಕದಲ್ಲಿರುವುದಕ್ಕಿಂತ ಹೆಂಗಸರ ಬಾಯಲ್ಲಿರುವುದೇ ಹೆಚ್ಚು. ಹಾಡಿದವರು ಹೋದರೆ ಹಾಡೂ ಹೋಗುತ್ತದೆ.

ಎಲ್ಲರಿಗೂ ತೆರೆದದ್ದೆಂದು ಹೇಳಿಕೊಳ್ಳುವ ವೇದಿಕೆ ನಿಜವಾಗಿ ಯಾರಿಗೆ ತೆರೆದಿದೆ ಎಂಬ ಪ್ರಶ್ನೆ ದೊಡ್ಡ ಕ್ಷೇತ್ರಗಳಲ್ಲಿಯೂ ಎದ್ದಿದೆ. ಕಾವೇರಿಯ ದಡದ ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ ನಡೆಯುತ್ತದೆ. ಅವರ ಸಮಾಧಿಗೆ 1920ರ ದಶಕದಲ್ಲಿ ಸ್ವಂತ ಹಣದಿಂದ ಗುಡಿ ಕಟ್ಟಿಸಿದವರು ನಮ್ಮ ನಾಡಿನವರೇ ಆದ ಬೆಂಗಳೂರು ನಾಗರತ್ನಮ್ಮನವರು. ಆದರೂ ಆರಾಧನೆಯಲ್ಲಿ ಹಾಡಲು ಸ್ತ್ರೀಯರಿಗೆ ಅವಕಾಶವಿರಲಿಲ್ಲ. ನಾಗರತ್ನಮ್ಮನವರು ಅಂಗಲಾಚುತ್ತ ನಿಲ್ಲಲಿಲ್ಲ. 1927ರಲ್ಲಿ ಸ್ತ್ರೀಯರದೇ ಆದ ಆರಾಧನೆಯನ್ನು ಆರಂಭಿಸಿದರು. ಪ್ರತ್ಯೇಕವಾಗಿ ನಡೆಯುತ್ತಿದ್ದ ಗುಂಪುಗಳು ಒಂದಾದದ್ದು 1940ರ ಸುಮಾರಿಗೆ. ಇಂದು ಪಂಚರತ್ನ ಕೃತಿಗಳ ಗೋಷ್ಠಿಗಾನದಲ್ಲಿ ಸ್ತ್ರೀಯರೂ ಪುರುಷರೂ ಜೊತೆಯಾಗಿ ಕುಳಿತು ಹಾಡುತ್ತಾರೆ.

ಆ ಶನಿವಾರದ ಬಳಿಕ ಪಟ್ಟಿಯನ್ನು ನಾನು ಬೇರೆ ರೀತಿಯಲ್ಲಿ ಬರೆಯತೊಡಗಿದೆ. ಮೊದಲ ಸುತ್ತಿನಲ್ಲಿ ಒಬ್ಬರಿಗೆ ಒಂದೇ ಹಾಡು. ದೂರದಿಂದ ಬಂದವರೂ ಮಕ್ಕಳೂ ಮೊದಲು. ನುರಿತವರಿಗೆ ಎರಡನೆಯ ಸುತ್ತು. ಇದರಿಂದ ಒಂದಿಬ್ಬರಿಗೆ ಮುನಿಸಾದದ್ದುಂಟು. ಕೆಲವು ವಾರ ಬಾರದೆ ಇದ್ದು ಆಮೇಲೆ ಬಂದರು.

ಕೇಳಲು ಹೋಗುವವರಿಗೂ ಕೆಲವು ನಡೆಗಳಿವೆ. ನಿಮ್ಮ ಹಾಡು ಮುಗಿದೊಡನೆ ಎದ್ದು ಹೋಗಬಾರದು. ಮುಂದಿನವನು ಖಾಲಿ ಜಮಖಾನಕ್ಕೆ ಹಾಡಬೇಕಾಗುತ್ತದೆ. ಹಾಡಿನ ನಡುವೆ ಪಿಸುಮಾತು ಕೂಡದು. ನಗು ಬಂದರೆ ತಲೆ ತಗ್ಗಿಸಿ ನುಂಗಿಕೊಳ್ಳಿ. ದನಿ ಒಡೆಯುವ ಪ್ರಾಯದ ಹುಡುಗರನ್ನು ನೋಡಿ ನಕ್ಕರೆ ಅವರು ಮತ್ತೆ ಆರು ತಿಂಗಳು ಬಾಯಿ ಬಿಡುವುದಿಲ್ಲ. ಕೆಲವರು ಎಂದೂ ಬಿಡುವುದಿಲ್ಲ. ನಿಮ್ಮ ಶಾಲೆಯಲ್ಲಿ ಇಂತಹ ಕೂಟವನ್ನು ನಡೆಸುವುದಾದರೆ ಒಂದು ಜಮಖಾನ, ಒಂದು ಶ್ರುತಿಪೆಟ್ಟಿಗೆ, ಒಂದು ಜೊತೆ ತಾಳ ಇಷ್ಟಿದ್ದರೆ ಸಾಕು. ಹೆಸರಿನ ಪಟ್ಟಿಯನ್ನು ಮಾತ್ರ ಸಂಕೋಚವಿಲ್ಲದೆ ‘ಸಾಕು’ ಎನ್ನಬಲ್ಲವರ ಕೈಗೆ ಕೊಡಿ.

ಮಂಗಳವಾದ ಮೇಲೆ ಅವಲಕ್ಕಿಯನ್ನೋ ಕಡಲೆಯ ಉಸಲಿಯನ್ನೋ ಹಂಚುತ್ತಾರೆ. ಹಾರ್ಮೋನಿಯಂಗೆ ಬಟ್ಟೆ ಹೊದಿಸಿ, ಜಮಖಾನ ಕೊಡವಿ ಸುತ್ತಿಡುತ್ತಾರೆ. ಮುಂದಿನ ಶನಿವಾರದ ದೀಪದ ಎಣ್ಣೆ ಯಾರ ಮನೆಯದೆಂದು ಮಾತಾಗುತ್ತದೆ. ಆಗಲೇ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿರುವ ಯಾರಾದರೊಬ್ಬರು, ಇಡೀ ಸಂಜೆ ಬಾಯಿ ತೆರೆಯದವರು, ತಮ್ಮಷ್ಟಕ್ಕೆ ಗುನುಗುತ್ತಿರುತ್ತಾರೆ. ಪಟ್ಟಿ ಹಿಡಿದವರು ಅವರ ಹೆಸರನ್ನು ಕೇಳಿಕೊಳ್ಳಬೇಕಾದದ್ದು ಆಗ.