ಕುಂಟೆತ್ತಿಗೂ ಒಂದು ಹಿಡಿ ಜೋಳ

ಮಗು ಅಂಗಳದ ಮಣ್ಣಿಗೆ ಕೈ ಹಾಕಿದರೆ ಸಾಕು, ‘ಏಯ್, ಅಂಗಿ ಕೊಳೆ ಆಯ್ತು, ಒಳಗ ಬಾ!’ ಎಂದು ಗದರುವ ತಾಯಂದಿರಲ್ಲಿ ನೀವೂ ಒಬ್ಬರೇ? ಬೇಸರ ಬೇಡ, ನಾನೂ ಗದರಿದವಳೇ. ಸಂಡೂರು ತಾಲ್ಲೂಕಿನ ನಮ್ಮ ಚೋರನೂರು ಕಡೆಯ ಕೆಮ್ಮಣ್ಣು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಆದರೆ ವರ್ಷಕ್ಕೊಂದು ದಿನ ಹಿರಿಯರೇ ಮಕ್ಕಳ ಕೈಗೆ ಮಣ್ಣು ಕೊಡುತ್ತಾರಲ್ಲ! ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆ ಅದು. ಮುಂಗಾರು ಬಿತ್ತನೆಯ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ಜೋಡೆತ್ತು ಮಾಡಿ ಪೂಜಿಸುವ ಹಬ್ಬ.

ಪೇಟೆಯಲ್ಲಿ ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಎತ್ತುಗಳೂ ಸಿಗುತ್ತವೆ. ನೋಡಲು ಚೆಂದ, ನಿಜ. ಆದರೆ ಮಗುವಿನ ಕೈಗೆ ಅಲ್ಲಿ ಕೆಲಸವೆಲ್ಲಿ? ಈ ಸಲ ಮನೆಯಲ್ಲೇ ಮಾಡಿಸಿ ನೋಡಿ.

ಮಣ್ಣಿನ ಹದ: ಹೊಲದ ಅಥವಾ ಕೆರೆಯಂಗಳದ ಶುಚಿಯಾದ ಮಣ್ಣು ತನ್ನಿ. ಅದಿರು ಲಾರಿಗಳ ಧೂಳು ಬೀಳುವ ರಸ್ತೆ ಬದಿಯದು ಬೇಡ. ಹಳೆಯ ಜರಡಿಯಲ್ಲಿ ಹರಳು ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ರೊಟ್ಟಿ ಹಿಟ್ಟಿನಂತೆ ನಾದಿ. ಬೆರಳು ಗಾತ್ರ ಹೊಸೆದು ಬಗ್ಗಿಸಿದಾಗ ಬಿರಿಯದಿದ್ದರೆ ಹದ ಬಂತು. ಬರೀ ಎರೆಮಣ್ಣಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ. ಸ್ವಲ್ಪ ಮರಳು ಬೆರೆಸಿ. ಮಾಡಿದ ಎತ್ತನ್ನು ನೆರಳಲ್ಲೇ ಒಣಗಿಸಿ.

ಅಲಂಕಾರ: ಕಣ್ಣಿಗೆ ಜೋಳ ಅಥವಾ ಕುಸುಬೆ ಕಾಳು, ಕೊರಳಿಗೆ ತಂಗಡಿ ಹೂ, ಬೆನ್ನ ಮೇಲೆ ಬೇವಿನೆಲೆ. ಗುಲಗಂಜಿ ಕಣ್ಣಿಗೆ ಒಪ್ಪುತ್ತದೆ ಅಂತ ಕೊಡಬೇಡಿ, ಅಗಿದು ನುಂಗಿದರೆ ಘೋರ ವಿಷ. ಔಡಲ ಬೀಜ, ಕಣಗಿಲೆಯೂ ಹಾಗೆಯೇ. ಎಕ್ಕದ ಹಾಲು ಕಣ್ಣಿಗೆ ಅಪಾಯ; ಪಾರ್ಥೇನಿಯಂ ಮುಟ್ಟಿದರೆ ತುರಿಕೆ. ತೀರ ಚಿಕ್ಕವರ ಕೈಗೆ ಯಾವ ಕಾಳೂ ಬೇಡ, ಗಂಟಲಿಗೆ ಸಿಕ್ಕೀತು. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸುವುದನ್ನು ಮರೆಯಬೇಡಿ.

ಇನ್ನು ನನ್ನ ತಪ್ಪೊಂದನ್ನು ಹೇಳಲೇಬೇಕು. ಐದು ವರ್ಷದ ಮಗಳು ಮಾಡಿದ ಎತ್ತಿಗೆ ಒಂದು ಕಾಲು ಗಿಡ್ಡವಾಗಿತ್ತು. ‘ಹಿಂಗಲ್ಲ ಪುಟ್ಟಿ, ಕೊಡಿಲ್ಲಿ’ ಎಂದು ನಾನೇ ನೆಟ್ಟಗೆ ಮಾಡಿಕೊಟ್ಟೆ. ‘ಇದು ನಂದಲ್ಲವ್ವ, ನಿಂದು’ ಅಂದವಳೇ ಕೈ ತೊಳೆದು ಎದ್ದು ಹೋದಳು. ಆ ವರ್ಷ ಮತ್ತೆ ಮಣ್ಣು ಮುಟ್ಟಲಿಲ್ಲ.

ಅತ್ತೆಯವರು ನಕ್ಕು, ‘ಯಾಕವ್ವಾ, ಕುಂಟೆತ್ತಿಗೂ ಊರಾಗ ಜ್ವಾಳ ನೀಡತಾರಲ್ಲ, ನೀ ಯಾಕ ಕೈ ಹಾಕಿದಿ?’ ಅಂದರು. ಹೌದಲ್ಲ! ಈ ಹಬ್ಬದ ಹೊತ್ತಿಗೆ ಹಲವೆಡೆ ಮಕ್ಕಳು ಕುಂಟ ಎತ್ತೊಂದನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಬೇಡುವ ಪದ್ಧತಿಯಿದೆ. ಕಾಲಿಲ್ಲದ ಎತ್ತನ್ನೂ ಊರು ಬರಿಗೈಲಿ ಕಳಿಸುವುದಿಲ್ಲ. ತಾಯಿಯಾದ ನನಗೇ ಅಷ್ಟು ತಾಳ್ಮೆ ಇರಲಿಲ್ಲ.

ಮರುವರ್ಷ ಸೆರಗಿನಲ್ಲಿ ಕೈ ಸುತ್ತಿಕೊಂಡು ಸುಮ್ಮನೆ ಪಕ್ಕದಲ್ಲಿ ಕುಳಿತೆ. ‘ಇದರ ಹೆಸರೇನೇ?’ ಎಂದು ಮಾತ್ರ ಕೇಳಿದೆ. ಅರ್ಧ ತಾಸು ಆ ಎತ್ತಿನ ಕತೆ ಹೇಳಿದಳು!

ಅಮಾವಾಸ್ಯೆಗೇ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಉದುರಿದ ಹೊಂಗೆ ಹೂ, ಹಣ್ಣೆಲೆ, ಹರಳುಗಳಿಂದ ಅಂಗಳದಲ್ಲೇ ಚಿತ್ತಾರ ಬಿಡಿಸಲಿ. ಬ್ರಿಟನ್ನಿನ ಹೆಸರಾಂತ ಕಲಾವಿದ ಆ್ಯಂಡಿ ಗೋಲ್ಡ್ಸ್‌ವರ್ದಿ (ಜನನ 1956) ಎಲೆ, ಮುಳ್ಳು, ಕಲ್ಲು, ಮಂಜುಗಡ್ಡೆಗಳಿಂದ ಬಯಲಲ್ಲಿ ಕಲಾಕೃತಿ ಮಾಡಿ, ಫೋಟೋ ತೆಗೆದು, ಗಾಳಿ ಮಳೆಗೆ ಬಿಟ್ಟುಬಿಡುತ್ತಾರೆ. ನಮ್ಮ ಮಣ್ಣೆತ್ತಿನ ಪಾಠವೂ ಅದೇ ಅಲ್ಲವೇ?

ಪೂಜೆ ಮುಗಿದ ಮೇಲೆ ಎತ್ತನ್ನು ಬಕೆಟ್ ನೀರಿಗೆ ಮಗುವೇ ಬಿಡಲಿ. ಅತ್ತರೆ ಅಳಲಿ. ಕರಗಿದ ಮಣ್ಣನ್ನು ಇಬ್ಬರೂ ಸೇರಿ ತುಳಸಿಕಟ್ಟೆಗೆ ಹಾಕಿ. ಅಂಗಿಯ ಕಲೆ ಇಂದಲ್ಲ ನಾಳೆ ಹೋದೀತು. ‘ಇದು ನಂದು’ ಅನ್ನುವ ಆ ಮಾತು ಮಾತ್ರ ಮಗುವಿನ ಬಾಯಿಂದ ಹೋಗದಿರಲಿ.